ಬದಲಿಸದೆ ಹಂಚಬಹುದು

ಜೂನ್ 18

ಅಮ್ಮಾ,

ಮೊದಲು ಒಂದು ದೂರು. ನಿನ್ನ ಹೋದ ಪತ್ರದಲ್ಲಿ “ದಿನಾ ಹಲ್ಲು ಕುಡಿ” ಎಂದು ಬರೆದಿದ್ದೀಯ. ಬೆರಳಿಟ್ಟು ಮೂರು ಸಲ ಓದಿದೆ, ಹಲ್ಲೇ. ನನ್ನ ರೂಮಿನವಳಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. “ಅವ್ರು ಬೈದಿರೋದು ಕಣೇ, ನೀನು ಹಾಲು ಅಂದ್ಕೋಬೇಡ” ಅಂದಳು. ಆದರೂ ಈ ವಯಸ್ಸಿನಲ್ಲಿ ಬ್ರೈಲ್ ಕಲಿತು, ಸ್ಲೇಟಿಗೆ ಕಾಗದ ಸಿಕ್ಕಿಸಿ, ಬಲದಿಂದ ಎಡಕ್ಕೆ ಒಂದೊಂದೇ ಚುಕ್ಕಿ ಚುಚ್ಚಿ ಮಗಳಿಗೆ ಪತ್ರ ಬರೆಯುವ ತಾಯಿ ಈ ಹಾಸ್ಟೆಲ್ಲಿನಲ್ಲಿ ಇನ್ಯಾರಿಗೂ ಇಲ್ಲ. ಹಲ್ಲನ್ನೇ ಕುಡಿಯುತ್ತೇನೆ ಬಿಡು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಾನು ಬಾಯಿ ತೆರೆಯುವ ಮೊದಲೇ “ಊಟ ಆಯ್ತಾ, ಸರಿ, ಇಡ್ತೀನಿ” ಅನ್ನುತ್ತೀಯ. ಇವತ್ತಿನ ವಿಷಯ ಸ್ವಲ್ಪ ಉದ್ದದ್ದು.

ಎರಡನೇ ವರ್ಷಕ್ಕೆ ಮಕ್ಕಳ ಕಣ್ಣಿನ ಬಗ್ಗೆ ಒಂದು ಪಠ್ಯ ಇಟ್ಟಿದ್ದಾರೆ. ಕಾಣದ ಮಕ್ಕಳಿಗೆ ಪಾಠ ಹೇಳುವವರು ಕಣ್ಣು ಯಾಕೆ ಹೋಗುತ್ತದೆ ಎಂದು ತಿಳಿದಿರಬೇಕಂತೆ. ಪುಸ್ತಕ ನೆಟ್‌ನಲ್ಲಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ತೊಂದರೆ ಏನೆಂದರೆ ಪುಟಗಳೆಲ್ಲ ಫೋಟೋ. ನಮ್ಮ ಕಂಪ್ಯೂಟರ್ ಅಕ್ಷರ ಇದ್ದರೆ ಗಟ್ಟಿಯಾಗಿ ಓದಿ ಹೇಳುತ್ತದೆ, ಫೋಟೋ ಕಂಡರೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತದೆ. ಹೋದ ವರ್ಷ ಎರಡು ಪುಸ್ತಕ ಓದಿಕೊಟ್ಟ ಹಾಗೆ ಇದನ್ನೂ ಓದಿ ರೆಕಾರ್ಡ್ ಮಾಡಿಕೊಡುತ್ತೀಯಾ? ಒಟ್ಟು ಹತ್ತು ಅಧ್ಯಾಯ.

ಈ ಸಲ ನಿನ್ನ ದನಿ ನನಗೊಬ್ಬಳಿಗೇ ಅಲ್ಲ. ನನ್ನ ಹಾಗೆ ಕಾಣದವರು ಮೂರು ಕಾಲೇಜಿನಿಂದ ಇನ್ನೂ ಇಪ್ಪತ್ತಮೂರು ಜನ ಈ ಪಠ್ಯ ಓದುತ್ತಿದ್ದಾರೆ. ಎಲ್ಲರಿಗೂ ಹಂಚುತ್ತೇನೆ. ಹಾಗಂತ ಸಿಕ್ಕಿದ್ದನ್ನೆಲ್ಲ ಗ್ರೂಪಿಗೆ ಎಸೆಯುವ ಹಾಗಿಲ್ಲ. ನಮ್ಮ ಲೈಬ್ರರಿ ಮೇಡಂ ಮೊದಲ ದಿನವೇ ಕಿವಿ ಹಿಂಡಿದ್ದಾರೆ. “ನೆಟ್‌ನಲ್ಲಿ ಸಿಕ್ತು ಅಂದ್ರೆ ಅಪ್ಪನ ಮನೆ ಆಸ್ತಿ ಅಲ್ಲ. ಹಕ್ಕಿನ ಪುಟ ನೋಡಿ. ಹಂಚಬಹುದು ಅಂತಿದ್ರೆ ಬರೆದವರ ಹೆಸರು ಹೇಳಿ ಹಂಚಿ. ಏನೂ ಹೇಳಿಲ್ಲ ಅಂದ್ರೆ ಪ್ರತಿ ಕಳಿಸ್ಬೇಡಿ, ಅದಿರೋ ಜಾಗದ ಲಿಂಕ್ ಕಳಿಸಿ.” ಅಚ್ಚು ಓದಲಾಗದ ನಮ್ಮಂಥವರಿಗೆ ಮಾತ್ರ ಕಾನೂನು ಒಂದು ಕಿಟಕಿ ಇಟ್ಟಿದೆ, ಯಾವ ಪುಸ್ತಕವನ್ನಾದರೂ ದನಿಯಾಗಿ ಮಾಡಿಕೊಳ್ಳಬಹುದು. ಆದರೆ ಅದು ನಮ್ಮೊಳಗೇ ಇರಬೇಕು. ಅದಕ್ಕೆ ಮೇಡಂ ಬೀಗ ಇರುವ ಒಂದು ಫೋಲ್ಡರ್ ಮಾಡಿ, ಇಪ್ಪತ್ತಮೂರು ಜನರ ಹೆಸರು ಬರೆದುಕೊಂಡು, ಕೀಲಿ ನನ್ನ ಕೈಗೆ ಕೊಟ್ಟಿದ್ದಾರೆ. ನೀನು ಓದಿದ್ದನ್ನು ಮೊದಲು ನಾನು ಪೂರ್ತಿ ಕೇಳಿ, ಸರಿಯಿದೆ ಎಂದರೆ ಮಾತ್ರ ಒಳಗೆ ಹಾಕುವುದು. ಜೀವನದಲ್ಲಿ ಮೊದಲ ಸಲ ನನ್ನನ್ನು ನಂಬಿ ಯಾರೋ ಒಂದು ಕೆಲಸ ವಹಿಸಿದ್ದಾರೆ ಅಮ್ಮ. ತುಂಬ ಖುಷಿಯಾಗಿದೆ.

ಇನ್ನೊಂದು ಮಾತು. ಹೋದ ಸಲ ನೀನು ಹಕ್ಕಿನ ಪುಟವನ್ನು ಹಾರಿಸಿ ನೇರ ಪಾಠಕ್ಕೆ ಹೋಗಿದ್ದೆ. ಈ ಸಲ ಅದನ್ನೂ ಓದು.

ನಿನ್ನ ಬೊಗಸೆ


ಜುಲೈ 2

ಬೊಗಸೇ,

ಹಲ್ಲು ಕುಡಿಯುವುದು ಬೇಡ, ಕಡಿ. ಕತ್ತರಿ ಹಿಡಿದ ಕೈಯಲ್ಲಿ ಆ ಮೊನೆ ಹಿಡಿದರೆ ಚುಕ್ಕಿ ಎಲ್ಲೆಲ್ಲೋ ಬೀಳುತ್ತದೆ. ನಿನ್ನ ರೂಮಿನವಳಿಗೆ ಹೇಳು, ಬೈಯಬೇಕಾದರೆ ನಾನು ಸುತ್ತಿ ಬಳಸಿ ಬೈಯುವವಳಲ್ಲ.

ಓದುತ್ತೇನೆ. ಓದದೆ ಎಲ್ಲಿಗೆ ಹೋಗಲಿ? ಮನೆಯಲ್ಲಿ ಆಗುವುದಿಲ್ಲ. ಮೇಲಿನ ಮನೆಯವರು ಇಡೀ ದಿನ ಮೇಜು ಕುರ್ಚಿ ಎಳೆಯುತ್ತಿರುತ್ತಾರೆ, ಏನು ಜೋಡಿಸುತ್ತಾರೋ ಆ ದೇವರೇ ಬಲ್ಲ. ಅಂಗಡಿಯ ಟ್ರಯಲ್ ರೂಮೇ ಸರಿ. ಮೂರು ಕಡೆ ಗೋಡೆ, ಒಂದು ಕಡೆ ದಪ್ಪ ಪರದೆ, ನೇತು ಹಾಕಿದ ಕೋಟುಗಳು ಸದ್ದನ್ನೆಲ್ಲ ನುಂಗುತ್ತವೆ. ಮಧ್ಯಾಹ್ನ ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಸ್ಟೂಲು ಹಾಕಿಕೊಂಡು ಕೂತರೆ ಒಂದೊಂದು ದಿನಕ್ಕೆ ಎಂಟು ಪುಟ ಆಗುತ್ತದೆ. ಮೊನ್ನೆ ಒಬ್ಬರು ಪರದೆ ಸರಿಸಿ, ನಾನು ಕನ್ನಡಿಯ ಮುಂದೆ ಕೂತು “ಕಣ್ಣಿನ ಹಿಂಬದಿಯ ಪದರ” ಅನ್ನುತ್ತಿರುವುದನ್ನು ನೋಡಿ, ಪ್ಯಾಂಟು ಅಲ್ಲೇ ಬಿಟ್ಟು ಹೊರಟುಹೋದರು. ಕಟಿಂಗ್ ಮಾಸ್ಟರ್ ನಕ್ಕು ನಕ್ಕು ಕೆಮ್ಮಿದರು. “ಅಕ್ಕಾ, ಗಿರಾಕಿಗಳಿಗೆ ಹುಚ್ಚು ಹಿಡಿಸ್ಬೇಡಿ” ಅಂದರು.

ಹಕ್ಕಿನ ಪುಟ ಓದಿದ್ದೇನೆ, ನಿನ್ನ ಮೇಡಂಗೆ ಹೇಳು. “ಬರೆದವರ ಹೆಸರು ಹೇಳಿ, ಮಾರಾಟ ಮಾಡದೆ, ಏನನ್ನೂ ಬದಲಿಸದೆ ಈ ಪುಸ್ತಕವನ್ನು ಯಾರು ಬೇಕಾದರೂ ಹಂಚಬಹುದು” ಎಂದಿದೆ. ಬದಲಿಸದೆ ಅಂತೆ! ನಾನು ಇಪ್ಪತ್ತೆರಡು ವರ್ಷದಿಂದ ಹೊಟ್ಟೆಪಾಡಿಗೆ ಮಾಡುತ್ತಿರುವುದೇ ಬದಲಿಸುವ ಕೆಲಸ. ಉದ್ದ ಇದ್ದದ್ದನ್ನು ಗಿಡ್ಡ ಮಾಡುವುದು, ಬಿಗಿ ಇದ್ದದ್ದನ್ನು ಸಡಿಲ ಮಾಡುವುದು. ಇರಲಿ, ಪುಸ್ತಕಕ್ಕೆ ಕತ್ತರಿ ಹಾಕುವುದಿಲ್ಲ.

ಮೂರು ಅಧ್ಯಾಯ ಕಳಿಸಿದ್ದೇನೆ. ಒಳಗೆ ಏನೇನು ಬರುತ್ತದೆ ಎಂದು ಮುಂದಿನ ಪುಟ ತಿರುಗಿಸಿ ನೋಡಿಲ್ಲ. ಓದುತ್ತಾ ಹೋದ ಹಾಗೆ ಗೊತ್ತಾಗುತ್ತದೆ. ಸರಿಯಾಗಿ ತಿನ್ನು. ಹೋದ ಸಲ ಬಂದಾಗ ಕುಪ್ಪಸವೆಲ್ಲ ಎರಡು ಇಂಚು ಒಳಗೆ ಹಿಡಿಯಬೇಕಾಯಿತು.

ಅಮ್ಮ


ಆಗಸ್ಟ್ 11

ಬೊಗಸೇ,

ಏಳನೇ ಅಧ್ಯಾಯ ಕಳಿಸಿದ್ದೇನೆ. ತಡವಾಯಿತು, ಗಂಟಲು ಕಟ್ಟಿತ್ತು. ಎಂಟು, ಒಂಬತ್ತು ಮೊದಲೇ ಓದಿ ಕಳಿಸಿದ್ದೆನಲ್ಲ, ಆಮೇಲೆ ಇದಕ್ಕೆ ಬಂದೆ.

ಬರೆಯಲು ಬೇರೇನೂ ಇಲ್ಲ.

ಅಮ್ಮ


ಆಗಸ್ಟ್ 20

ಅಮ್ಮಾ,

ಏಳನೇ ಅಧ್ಯಾಯ ಸಿಕ್ಕಿತು. ಕೇಳಿದೆ. ಎರಡು ಸಲ ಕೇಳಿದೆ. ಚೆನ್ನಾಗಿದೆ. ಫೋಲ್ಡರ್‌ಗೆ ಹಾಕಿದ್ದೇನೆ.

ಗಂಟಲಿಗೆ ಬಿಸಿನೀರು ಕುಡಿ.

ಬೊಗಸೆ


ಡಿಸೆಂಬರ್ 4

ಅಮ್ಮಾ,

ಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಅಂಗಡಿಗೆ ಮಾಡಿದರೆ ಮಾಸ್ಟರು “ಇಲ್ಲೇ ಇದ್ದಾರಮ್ಮ, ಕೈ ಬಿಡುವಿಲ್ಲವಂತೆ” ಅಂದರು. ಸುದ್ದಿ ನಿನ್ನ ಕಿವಿಗೆ ಬಿದ್ದಿದೆ ಅಂತ ಕಾಣುತ್ತದೆ. ಅರ್ಧ ಸುದ್ದಿ ಬಿದ್ದಿದ್ದರೆ ಪೂರ್ತಿ ಇಲ್ಲಿದೆ.

ಪರೀಕ್ಷೆಯ ಮೂರನೇ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಇತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಕಣ್ಣನ್ನು ಯಾವಾಗ ಪರೀಕ್ಷಿಸಬೇಕು, ಯಾಕೆ? ನಮ್ಮ ಇಪ್ಪತ್ತಮೂರು ಜನರೂ ಒಂದೇ ಉತ್ತರ ಬರೆದಿದ್ದಾರೆ. ಒಂದೇ ಅರ್ಥದ ಉತ್ತರ ಅಲ್ಲ, ಅದೇ ಪದಗಳು. “ಈ ತೊಂದರೆಯನ್ನು ತಡೆಯುವ ದಾರಿಯಿಲ್ಲ, ಯಾವಾಗ ಪರೀಕ್ಷಿಸಿದರೂ ಫಲಿತಾಂಶ ಒಂದೇ.” ಉತ್ತರ ಪೂರಾ ತಪ್ಪು. ಮೂರು ಕಾಲೇಜಿನ ಇಪ್ಪತ್ತಮೂರು ಜನ ಒಂದೇ ತಪ್ಪನ್ನು ಅಕ್ಷರ ಬಿಡದೆ ಬರೆದರೆ ಯಾರು ಸುಮ್ಮನಿರುತ್ತಾರೆ? ನಕಲು ಎಂದಿದ್ದಾರೆ. ಎಲ್ಲರ ಫಲಿತಾಂಶ ತಡೆಹಿಡಿದಿದ್ದಾರೆ. ನಕಲು ಎಂದು ತೀರ್ಮಾನವಾದರೆ ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಅವರಲ್ಲಿ ಒಬ್ಬರು ನನ್ನ ಹಾಗೆ ಇಪ್ಪತ್ತೆರಡರವರಲ್ಲ, ನಲವತ್ತು ದಾಟಿದವರು, ಎರಡು ಮಕ್ಕಳ ತಾಯಿ. ಮೊನ್ನೆ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕೂತು ಅತ್ತರು. ಪಕ್ಕದಲ್ಲೇ ಇದ್ದೆ.

ಸರಿ ಉತ್ತರ ಬರೆದವಳು ನಾನೊಬ್ಬಳೇ.

ಈಗ ಎಲ್ಲರ ಬೆರಳೂ ನನ್ನ ಕಡೆಗೆ. ರೂಮಿನವಳೂ ಆ ಇಪ್ಪತ್ತಮೂರರಲ್ಲಿ ಒಬ್ಬಳು, ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡುವ ಮೊದಲು ಒಂದು ಮಾತು ಹೇಳಿದಳು: “ನಮ್ಗೆಲ್ಲ ತಪ್ಪು ಕೊಟ್ಟು ಸರಿಯಾಗಿರೋದನ್ನ ನೀನು ಇಟ್ಕೊಂಡೆ. ಇಂಥವಳು ಅಂತ ಗೊತ್ತಿರ್ಲಿಲ್ಲ ಕಣೇ.”

ಲೈಬ್ರರಿ ಮೇಡಂ ಪರೀಕ್ಷಾ ಮಂಡಳಿಯ ಮುಂದೆ ನಮ್ಮ ಪರವಾಗಿ ಗಟ್ಟಿಯಾಗಿ ನಿಂತರು. ಇದು ಹಂಚಲು ಅನುಮತಿ ಇರುವ ಪುಸ್ತಕ, ಪಡೆದವರ ಪಟ್ಟಿ ಇದೆ, ಹೊರಗಿನ ಒಬ್ಬರಿಗೂ ಹೋಗಿಲ್ಲ, ಒಂದು ಬಿಡಿಗಾಸು ಯಾರೂ ಮುಟ್ಟಿಲ್ಲ, ಬರೆದವರ ಹೆಸರು ಪ್ರತಿ ರೆಕಾರ್ಡಿಂಗ್‌ನ ಮೊದಲಲ್ಲೇ ಇದೆ. ಎಲ್ಲವನ್ನೂ ತೋರಿಸಿದರು. ಕೊನೆಗೆ ಪರೀಕ್ಷಕರಲ್ಲಿ ಒಬ್ಬರು ಕೇಳಿದರು: “ಎಲ್ಲಾ ಸರಿ ಮೇಡಂ, ಪುಸ್ತಕದಲ್ಲಿ ಇರೋದನ್ನೇ ಓದಿದಾರಾ?” ಮುಂದಿನ ವಾರ ರೆಕಾರ್ಡಿಂಗ್ ಹಾಕಿ ಪುಟದ ಜೊತೆ ಹೋಲಿಸಿ ನೋಡುತ್ತಾರಂತೆ.

ಪುಟ ನೂರ ಹನ್ನೆರಡು, ಅಮ್ಮ. ಏನಾಯಿತು ಎಂದು ಅವರು ಕಂಡುಹಿಡಿಯುವ ಮೊದಲು ನೀನೇ ನನಗೆ ಹೇಳು.

ಬೊಗಸೆ


ಡಿಸೆಂಬರ್ 12

ಬೊಗಸೇ,

ಏನಾಗಬೇಕು? ಫೋನಿನ ಪರದೆ ಅಂಗೈಯಗಲ, ಅಕ್ಷರ ಇರುವೆಯ ಗಾತ್ರ. ಬೆರಳು ತಾಗಿದರೆ ಪುಟ ಮೇಲಕ್ಕೆ ಓಡುತ್ತದೆ. ಒಂದು ಸಾಲು ಕಣ್ತಪ್ಪಿರಬಹುದು. ಇಡೀ ಪುಸ್ತಕ ಓದಿದವಳಿಗೆ ಒಂದು ಸಾಲು ತಪ್ಪಿದ್ದಕ್ಕೆ ಇಷ್ಟೊಂದು ವಿಚಾರಣೆಯಾ?

ನಾನೇನು ಓದಿಕೊಂಡವಳಲ್ಲ. ಎಂಟನೇ ಕ್ಲಾಸಿಗೆ ಮಷಿನ್ ಮುಂದೆ ಕೂತವಳು. ತಪ್ಪಾಗಬಾರದು ಅಂದರೆ ಓದಿದವರ ಹತ್ತಿರ ಓದಿಸಬೇಕಿತ್ತು. ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಆ ಪರದೆಯ ಹಿಂದೆ ಸೆಕೆಯಲ್ಲಿ ಕೂತು ಓದಿದೆನಲ್ಲ, ಅದಕ್ಕೆ ಒಳ್ಳೆ ಬಹುಮಾನ ಸಿಕ್ಕಿತು ನನಗೆ. ಕಣ್ತಪ್ಪಾಯಿತು ಎಂದು ನಿನ್ನ ಮಂಡಳಿಗೆ ಹೇಳು. ಬೇಕಾದರೆ ಕ್ಷಮೆ ಕೇಳಿ ಬರೆದುಕೊಡುತ್ತೇನೆ.

ಇನ್ನು ಈ ವಿಷಯ ಬೇಡ.

ಅಮ್ಮ


ಡಿಸೆಂಬರ್ 19

ಅಮ್ಮಾ,

ನೀನು ಬೇಡ ಅಂದ ಮಾತ್ರಕ್ಕೆ ವಿಷಯ ಬಿಡುವುದಿಲ್ಲ. ಮೊನ್ನೆ ಮಂಡಳಿಯ ಕೋಣೆಯಲ್ಲಿ ನಿನ್ನ ದನಿ ಹಾಕಿದರು. ಉದ್ದನೆಯ ಮೇಜು, ಆ ಕಡೆ ಐದು ಜನ, ಈ ಕಡೆ ನಾನು ಮತ್ತು ಮೇಡಂ. ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದ ಸದ್ದು. ಒಬ್ಬರು ಪುಸ್ತಕ ಹಿಡಿದು ಕೂತಿದ್ದರು. ನೀನು ಓದಿದೆ. ಅವರು “ನಿಲ್ಸಿ” ಅಂದರು. ಆಮೇಲೆ ಪುಸ್ತಕದಲ್ಲಿರುವುದನ್ನು ಓದಿದರು:

“ಅವಧಿಗೆ ಮುನ್ನ ಹುಟ್ಟಿದ ಮಗುವಿನ ಕಣ್ಣನ್ನು ನಾಲ್ಕು ವಾರ ತುಂಬುವುದರೊಳಗೆ ತಜ್ಞರು ಪರೀಕ್ಷಿಸಬೇಕು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಬಹುಪಾಲು ಮಕ್ಕಳ ದೃಷ್ಟಿ ಉಳಿಯುತ್ತದೆ.”

ಕಣ್ತಪ್ಪಿದರೆ ಸಾಲು ಬಿಟ್ಟುಹೋಗುತ್ತದೆ, ಅಮ್ಮ. ಇಲ್ಲದ ಸಾಲು ಹುಟ್ಟುವುದಿಲ್ಲ. ಆ ಪುಸ್ತಕ ಹಿಡಿದವರೂ ಇದನ್ನೇ ಹೇಳಿದರು. ನೀನು ಸಾಲನ್ನು ಬಿಟ್ಟಿಲ್ಲ, ಇನ್ನೊಂದನ್ನು ಬರೆದು ಓದಿದ್ದೀಯ. ಪಾಠದ ಭಾಷೆಯಲ್ಲೇ, ಯಾರಿಗೂ ಅನುಮಾನ ಬಾರದ ಹಾಗೆ.

ಇಷ್ಟೇ ಆಗಿದ್ದರೆ ಪರೀಕ್ಷೆಯ ಮಾತು, ಹೋಗಲಿ ಅನ್ನಬಹುದಿತ್ತು. ಇಪ್ಪತ್ತಮೂರು ಜನರಲ್ಲಿ ಒಬ್ಬ ಹುಡುಗಿಯನ್ನು ತರಬೇತಿಗೆಂದು ಹೆರಿಗೆ ಆಸ್ಪತ್ರೆಗೆ ಹಾಕಿದ್ದಾರೆ, ತಾಯಂದಿರ ಜೊತೆ ಮಾತಾಡುವ ಕೆಲಸ. ಎಂಟು ತಿಂಗಳಿಗೇ ಹೆತ್ತ ಒಬ್ಬ ತಾಯಿ ಅವಳನ್ನು ಕೇಳಿದಳಂತೆ, “ಕಣ್ಣು ತೋರಿಸೋಕೆ ಚೀಟಿ ಕೊಟ್ಟಿದ್ದಾರೆ, ಹೋಗ್ಲೇಬೇಕಾ?” ಇವಳು ಓದಿದ್ದನ್ನೇ ಹೇಳಿದ್ದಾಳೆ. ಯಾವಾಗ ತೋರಿಸಿದರೂ ಒಂದೇ ಅಂತ. ಪಕ್ಕದ ಹಾಸಿಗೆಯ ಹತ್ತಿರ ಇದ್ದ ನರ್ಸ್ ಕೇಳಿಸಿಕೊಂಡು ಓಡಿ ಬಂದರು. ಅವರು ಬರದೇ ಇದ್ದಿದ್ದರೆ? ಇದನ್ನು ಆ ಹುಡುಗಿಯೇ ನನಗೆ ಹೇಳಿದಳು.

ಯಾಕೆ ಬದಲಿಸಿದೆ? ಮಂಡಳಿಗೆ ಹೇಳುವುದು ಆಮೇಲಿನ ಮಾತು. ನನಗೆ ಹೇಳು.

ಬೊಗಸೆ


ಜನವರಿ 6

ಬೊಗಸೇ,

ಎರಡು ವಾರ ಒಂದು ಚುಕ್ಕಿಯನ್ನೂ ಚುಚ್ಚಲಿಲ್ಲ. ನಾಲ್ಕು ಸಲ ಕಾಗದ ಸಿಕ್ಕಿಸಿ ತೆಗೆದೆ. ಪೆನ್ನಿನಲ್ಲಿ ಬರೆದರೆ ಇನ್ಯಾರೋ ನಿನಗೆ ಓದಿ ಹೇಳಬೇಕು. ಈ ಮಾತನ್ನು ನಿನ್ನ ಬೆರಳೇ ಓದಬೇಕು.

ನೀನು ಎರಡೂವರೆ ತಿಂಗಳು ಮೊದಲೇ ಹುಟ್ಟಿದೆ. ಬೊಗಸೆಯಷ್ಟಿದ್ದೆ, ನಿಮ್ಮಪ್ಪ ಆ ಹೆಸರು ಇಟ್ಟದ್ದು ಅದಕ್ಕೇ. ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮನೆಗೆ ಕಳಿಸುವಾಗ ಒಂದು ಚೀಟಿ ಕೊಟ್ಟರು. ಮುಂದಿನ ಗುರುವಾರ ಕಣ್ಣಿನ ಡಾಕ್ಟರಿಗೆ ತೋರಿಸಬೇಕು ಎಂದು ಅದರಲ್ಲಿತ್ತು. ನರ್ಸ್ ಬಾಯಲ್ಲೂ ಹೇಳಿದರು, “ತಪ್ಪಿಸ್ಬೇಡಿ” ಅಂತ. ಆ ಪದ ನನಗೆ ಇವತ್ತಿಗೂ ಕೇಳಿಸುತ್ತದೆ.

ಅದು ಶಾಲೆ ತೆರೆಯುವ ವಾರ. ಯೂನಿಫಾರ್ಮಿನ ರಾಶಿ ಮನೆಯಲ್ಲೇ ಬಿದ್ದಿತ್ತು, ಹೊಲಿದು ಕೊಡದಿದ್ದರೆ ಅಂಗಡಿಯ ಕೆಲಸ ಹೋಗುತ್ತಿತ್ತು. ನಿಮ್ಮಪ್ಪ ಕೆಲಸದ ಮೇಲೆ ಊರಲ್ಲಿ ಇರಲಿಲ್ಲ. ಗುರುವಾರ ನಿನಗೆ ಸ್ವಲ್ಪ ಶೀತ ಇತ್ತು. ಇಷ್ಟು ಚಿಕ್ಕದನ್ನು ಬಸ್ಸಿನಲ್ಲಿ ಎಲ್ಲಿಗೆ ಒಯ್ಯಲಿ, ಮುಂದಿನ ವಾರ ನೋಡೋಣ ಅಂದುಕೊಂಡೆ. ಇದೆಲ್ಲ ನೆಪ ಅನ್ನಿಸಬಹುದು. ನನಗೂ ಅನ್ನಿಸುತ್ತದೆ. ಮುಂದಿನ ವಾರ ಇನ್ನೊಂದು ವಾರ ಆಯಿತು. ನೀನು ದೀಪದ ಕಡೆ ತಿರುಗುತ್ತಿದ್ದೀಯ ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಕರೆದುಕೊಂಡು ಹೋದಾಗ ನಿನಗೆ ಒಂಬತ್ತು ವಾರ.

ಡಾಕ್ಟರು ನಿನ್ನ ಕಣ್ಣಿಗೆ ದೀಪ ಹಿಡಿದು ನೋಡಿದರು. ದೀಪ ಆರಿಸಿದರು. “ಐದು ವಾರದ ಹಿಂದೆ ಬರಬೇಕಿತ್ತಮ್ಮ” ಅಂದರು. ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು.

ನಿಮ್ಮಪ್ಪನಿಗೆ ಹುಟ್ಟಿನಿಂದಲೇ ಹೀಗಂತೆ ಅಂದೆ. ಅವರು ನಂಬಿದರು. ನಂಬಿಕೊಂಡೇ ಹೋಗಿಬಿಟ್ಟರು. ನಿನಗೂ ಅದನ್ನೇ ಹೇಳಿದೆ. ನೀನು ಐದು ವರ್ಷದವಳಿದ್ದಾಗ “ನಂಗೆ ಯಾಕೆ ಕಾಣಲ್ಲ” ಎಂದು ಕೇಳಿದ್ದೆ. ಆ ದಿನ ಹೇಳಿದ ಸುಳ್ಳು ಇಷ್ಟು ವರ್ಷ ಉಂಡು ತಿಂದು ನನ್ನ ಜೊತೆಯೇ ಬೆಳೆಯಿತು.

ಏಳನೇ ಅಧ್ಯಾಯಕ್ಕೆ ಬಂದಾಗ ಜುಲೈ ಕೊನೆ. ಆ ಸಾಲು ಕಣ್ಣಿಗೆ ಬಿತ್ತು. ಪರದೆ ಸರಿಸಿ ಹೊರಗೆ ಬಂದು ಒಂದು ಜೇಬು ಹೊಲಿದೆ, ಅದೂ ಉಲ್ಟಾ. ಎರಡು ವಾರ ಅದನ್ನು ಬಿಟ್ಟು ಮುಂದಿನದನ್ನು ಓದಿದೆ. ಆ ಸಾಲನ್ನು ನನ್ನ ಬಾಯಿಂದ ನಿನ್ನ ಕಿವಿಗೆ ಹೇಗೆ ಹಾಕಲಿ? ನನ್ನದೇ ದನಿಯಲ್ಲಿ? ಬಿಟ್ಟುಬಿಡೋಣ ಅಂದುಕೊಂಡೆ. ಬಿಟ್ಟರೆ ಮುಂದಿನ ಮಾತು ತಾಳೆಯಾಗುತ್ತಿರಲಿಲ್ಲ. ಅದಕ್ಕೆ ಆ ಜಾಗಕ್ಕೆ ಒಂದು ತೇಪೆ ಹೊಲಿದೆ. ನೀನೊಬ್ಬಳೇ ಕೇಳುವುದು ಎಂಬ ಹಾಗೆ ಓದಿದೆ. ಇಪ್ಪತ್ತಮೂರು ಜನ ಇದ್ದಾರೆ ಎಂದು ನೀನು ಬರೆದಿದ್ದೆ. ಆ ಹೊತ್ತಿಗೆ ಅವರು ಯಾರೂ ನನ್ನ ತಲೆಯಲ್ಲಿ ಇರಲಿಲ್ಲ.

ಈಗ ಆ ಆಸ್ಪತ್ರೆಯ ತಾಯಿ ತಲೆಯಿಂದ ಹೋಗುತ್ತಿಲ್ಲ. ಅವಳ ಕೈಯಲ್ಲೂ ಚೀಟಿ ಇತ್ತು. ಅವಳಿಗೂ ಹೋಗದೇ ಇರಲು ಒಂದು ನೆಪ ಬೇಕಿತ್ತು. ಅದನ್ನು ನಾನೇ ಒದಗಿಸಿಕೊಟ್ಟೆ.

ಮಂಡಳಿಗೆ ಪೂರ್ತಿ ಹೇಳು. ನನ್ನ ಮಾನ ಉಳಿಸಲು ಒಂದು ಪದವನ್ನೂ ಮೆತ್ತಗೆ ಮಾಡಬೇಡ. ನಿನಗೆ ಸರಿ ಉತ್ತರ ಹೇಗೆ ಗೊತ್ತಿತ್ತು ಎಂದು ಕೇಳಲು ಮಾತ್ರ ನನಗೆ ಧೈರ್ಯ ಬರುತ್ತಿಲ್ಲ.

ಅಮ್ಮ


ಜನವರಿ 15

ಅಮ್ಮಾ,

ನೀನು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಕೊಡುತ್ತೇನೆ.

ನನಗೆ ಹದಿನಾರು ತುಂಬಿದಾಗ ಸರ್ಟಿಫಿಕೇಟ್ ಹೊಸದು ಮಾಡಿಸಲು ಕಣ್ಣಾಸ್ಪತ್ರೆಗೆ ಹೋಗಿದ್ದೆವಲ್ಲ? ನೀನು ಹೊರಗೆ ಕೌಂಟರಿನಲ್ಲಿ ಫಾರಂ ತುಂಬುತ್ತಿದ್ದೆ. ಒಳಗೆ ಡಾಕ್ಟರು ನನ್ನ ಹಳೇ ಫೈಲು ತೆಗೆದು, ಕಲಿಯಲು ಬಂದಿದ್ದ ಹುಡುಗನಿಗೆ ಗಟ್ಟಿಯಾಗಿ ಓದಿ ಹೇಳಿದರು. “ನೋಡಪ್ಪ, ಮೊದಲ ಪರೀಕ್ಷೆಗೆ ಬಂದಿರೋದೇ ಒಂಬತ್ತನೇ ವಾರ. ನಾಲ್ಕನೇ ವಾರಕ್ಕೆ ಬಂದಿದ್ರೆ ಈ ಹುಡುಗಿ ಇವತ್ತು ನೋಡ್ತಿದ್ಲು.” ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಕಾಣದವರಿಗೆ ಕೇಳಿಸುವುದೂ ಇಲ್ಲ ಎಂದು ತುಂಬ ಜನ ಅಂದುಕೊಂಡಿರುತ್ತಾರೆ.

ನೀನು ಒಳಗೆ ಬಂದೆ. “ಏನಂದ್ರು?” ಅಂದೆ ನೀನು. “ಏನಿಲ್ಲ” ಅಂದೆ ನಾನು.

ಆ ವರ್ಷ ಆರು ತಿಂಗಳು ನಾನು ನಿನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ವಯಸ್ಸಿನ ಹುಚ್ಚಾಟ ಎಂದು ನೀನು ಅಂದುಕೊಂಡೆ. ಕೋಪದಲ್ಲಿ ಕುದಿಯುತ್ತಿದ್ದೆ, ಅಮ್ಮ. ಈಗಲೂ ಸ್ವಲ್ಪ ಇದೆ, ಇಲ್ಲ ಎಂದರೆ ಸುಳ್ಳು. ಆದರೆ ನೀನೇ ಒಂದು ದಿನ ಹೇಳಲಿ ಎಂದು ಕಾಯುತ್ತಿದ್ದೆ. ನಾನು ಗೊತ್ತಿಲ್ಲದ ಹಾಗೆ ಇದ್ದೆ, ನೀನು ಹೇಳುವುದೇನೂ ಇಲ್ಲದ ಹಾಗೆ ಇದ್ದೆ. ಆರು ವರ್ಷ ಇಬ್ಬರೂ ಕಳ್ಳಾಟ ಆಡಿದೆವು.

ಏಳನೆಯದು ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಧ್ಯಾಯ ಎಂದು ಪಠ್ಯದ ಪಟ್ಟಿಯಲ್ಲಿತ್ತು, ಅದು ತಡವಾದಾಗಲೇ ಯಾಕೆ ಎಂದು ನನಗೆ ಗೊತ್ತಾಗಿತ್ತು. ಈ ಸಲ ಆ ಸಾಲನ್ನು ಅಮ್ಮ ಓದಲೇಬೇಕು, ಓದಿದ ಮೇಲೆ ನನಗೆ ಹೇಳಲೇಬೇಕು ಅಂದುಕೊಂಡೆ. ಕೇಳಿದೆ. ನಿನ್ನ ದನಿ ಆ ಜಾಗದಲ್ಲಿ ಸ್ವಲ್ಪ ಮೇಲಕ್ಕೆ ಹೋಗಿ, ಸುಳ್ಳು ಹೇಳಿ, ಕೆಳಗೆ ಬಂತು. ಇನ್ನೊಮ್ಮೆ ಕೇಳಿದೆ. ಸಾಲು ಬದಲಾಗಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ “ಸರಿಯಿದೆ” ಎಂದು ಗುರುತು ಹಾಕಿ ಫೋಲ್ಡರ್‌ಗೆ ಏರಿಸಿದೆ. ಮೇಡಂಗೆ ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದರು, ನಿನ್ನ ಹೆಸರು ಬರುತ್ತಿತ್ತು. ನಿನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡೆ. ಆ ಇಪ್ಪತ್ತಮೂರು ಜನ ನಿನ್ನ ತಲೆಯಲ್ಲಿ ಇರಲಿಲ್ಲ ಎಂದೆಯಲ್ಲ, ನನ್ನ ತಲೆಯಲ್ಲಿ ಇದ್ದರು. ಇದ್ದೂ ಹಂಚಿದೆ. ಪರೀಕ್ಷೆಯಲ್ಲಿ ಮಾತ್ರ ಸರಿ ಉತ್ತರ ಬರೆದೆ. ರೂಮಿನವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಹೋದ ತಿಂಗಳು ನಿನ್ನನ್ನು ಆರೋಪಿಯ ಹಾಗೆ ನಿಲ್ಲಿಸಿ ಪ್ರಶ್ನೆ ಕೇಳಿದೆ. ನಾನೂ ನಿನ್ನ ಪಕ್ಕದಲ್ಲೇ ನಿಲ್ಲಬೇಕಾದವಳು. ಅದಕ್ಕೆ ಕ್ಷಮಿಸು.

ನಿನ್ನೆ ಮಂಡಳಿಗೆ ಎಲ್ಲವನ್ನೂ ಹೇಳಿದೆ. ನಿನ್ನ ಭಾಗ, ನನ್ನ ಭಾಗ. ಮೇಡಂ ಎದ್ದು ಹೊರಗೆ ಹೋದರು. ಅವರಿಗೆ ನೋವಾಗಿದೆ, ಅದು ನನಗೆ ಶಿಕ್ಷೆಗಿಂತ ಹೆಚ್ಚು ಕಷ್ಟವಾಯಿತು. ಇಪ್ಪತ್ತಮೂರು ಜನರ ಮೇಲಿನ ನಕಲಿನ ಆರೋಪ ಕೈಬಿಟ್ಟಿದ್ದಾರೆ, ಆ ಒಂದು ಪತ್ರಿಕೆ ಮತ್ತೆ ಬರೆಯುತ್ತಾರೆ. ನನ್ನ ಫಲಿತಾಂಶ ಒಂದು ವರ್ಷ ತಡೆದಿದ್ದಾರೆ. ಸರಿಯಾಗಿಯೇ ಇದೆ. ಫೋಲ್ಡರಿನ ಕೀಲಿಯನ್ನು ಮೇಡಂ ವಾಪಸ್ಸು ತೆಗೆದುಕೊಂಡರು.

ಮರುಪರೀಕ್ಷೆಗೆ ಮೊದಲು ಆ ಇಪ್ಪತ್ತಮೂರು ಜನರಿಗೆ ಸರಿಯಾದ ಏಳನೇ ಅಧ್ಯಾಯ ಬೇಕು. ಬೇರೆಯವರು ಓದುತ್ತಾರೆ ಎಂದು ಮೇಡಂ ಹೇಳಿದರು. ನಾನು ನಿನ್ನ ಹೆಸರು ಹೇಳಿದೆ. ಮಂಡಳಿಯವರು ಒಪ್ಪಿದ್ದಾರೆ, ಆದರೆ ಅವರ ಮುಂದೆಯೇ ಓದಬೇಕಂತೆ. ನಾನೂ ಅಲ್ಲಿರುತ್ತೇನೆ. ಬರುತ್ತೀಯಾ?

ಬೊಗಸೆ


ಫೆಬ್ರವರಿ 11

ಬೊಗಸೇ,

ಬಸ್ಸಿಳಿದು ಮನೆಗೆ ಬಂದು, ಮುಖ ತೊಳೆದು, ಸ್ಲೇಟು ಹಿಡಿದು ಕೂತಿದ್ದೇನೆ. ಅಲ್ಲಿ ನಿನ್ನ ಜೊತೆ ಮಾತಾಡಲು ಆಗಲಿಲ್ಲ. ಸುತ್ತ ಅಷ್ಟು ಜನ.

ಮಂಡಳಿಯವರು ಒಳ್ಳೆಯವರೇ, ನೀರು ಕೊಟ್ಟರು, ಕುರ್ಚಿ ಕೊಟ್ಟರು, ನನ್ನ ಕಣ್ಣಿಗೆ ಹಿಡಿಯುವಂತೆ ದೊಡ್ಡ ಅಕ್ಷರದ ಪ್ರತಿ ಮಾಡಿಸಿ ಇಟ್ಟಿದ್ದರು. ನಿನ್ನ ಮೇಡಂ ಮೈಕು ಸರಿ ಮಾಡುತ್ತಾ, “ನಿಧಾನಕ್ಕೆ ಓದಿ ಅಮ್ಮ” ಅಂದರು. ಅವರು ನನಗೆ ಅಮ್ಮ ಅಂದಿದ್ದು ಕೇಳಿ ಅಳು ಬಂತು. ನುಂಗಿಕೊಂಡೆ.

ಹಕ್ಕಿನ ಪುಟದಿಂದ ಶುರು ಮಾಡಿದೆ. ಈ ಸಲ ಅದು ಬೇಡದ ಮಾತು ಅನ್ನಿಸಲಿಲ್ಲ. ಬರೆದವರ ಹೆಸರು ಹೇಳಿದೆ. ಆಮೇಲೆ, ಮಂಡಳಿಯವರು ಬರೆದುಕೊಟ್ಟ ಹಾಗೆಯೇ, “ಈ ಅಧ್ಯಾಯವನ್ನು ಮೊದಲು ಓದಿದಾಗ ನಾನು ಒಂದು ಸಾಲನ್ನು ಬದಲಿಸಿದ್ದೆ, ಆ ರೆಕಾರ್ಡಿಂಗ್ ಯಾರ ಬಳಿಯಾದರೂ ಇದ್ದರೆ ಅಳಿಸಿಹಾಕಿ” ಎಂದು ಹೇಳಿದೆ. ನೂರ ಹನ್ನೆರಡನೇ ಪುಟದ ತನಕ ಚೆನ್ನಾಗಿಯೇ ಹೋಯಿತು. ಆ ಸಾಲು ಬಂದಾಗ ದನಿ ನಿಂತುಹೋಯಿತು. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಯಾರೂ ಅವಸರ ಮಾಡಲಿಲ್ಲ. ಓದಿದೆ.

ನೀನು ಮೇಜಿನ ಆ ಕಡೆ ತಲೆ ತಗ್ಗಿಸಿಕೊಂಡು ಕೂತಿದ್ದೆ. ನನ್ನ ಕಡೆ ಮುಖ ಮಾಡಲಿಲ್ಲ. ಓದಿ ಮುಗಿದ ಮೇಲೆ ಕೈ ಚಾಚಿದೆ, ಮೇಜಿನ ಮೇಲೆ ನಿನ್ನ ಕೈ ಇರಲಿಲ್ಲ. ನೀನು ಹಿಡಿಯಬೇಕಿತ್ತು ಎಂದು ಹೇಳುತ್ತಿಲ್ಲ. ಹಿಡಿಯದೇ ಇರಲು ನಿನಗೆ ಕಾರಣ ಇದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ.

ಆ ಎರಡು ಮಕ್ಕಳ ತಾಯಿ ಹೊರಗೆ ನನಗಾಗಿ ಕಾಯುತ್ತಿದ್ದರು. ನನ್ನ ದನಿ ಕೇಳಿ ಗುರುತು ಹಿಡಿದರು. “ಎಂಟನೇದು ಚೆನ್ನಾಗಿ ಓದಿದ್ರಿ” ಅಂದು ಕೋಲು ತಟ್ಟಿಕೊಂಡು ಹೋದರು.

ಅಮ್ಮ


ಫೆಬ್ರವರಿ 17

ಅಮ್ಮಾ,

ನಾನು ನಿನ್ನ ಕೈ ಹಿಡಿಯಲಿಲ್ಲ, ನಿಜ. ಹಿಡಿಯಲು ನನ್ನ ಕೈ ಖಾಲಿ ಇರಲಿಲ್ಲ.

ಮೇಡಂ ಏಳನೇ ಅಧ್ಯಾಯವನ್ನು ಬ್ರೈಲ್‌ನಲ್ಲಿ ಅಚ್ಚು ಹಾಕಿಸಿ ತರಿಸಿದ್ದರು. ಅದು ನನ್ನ ತೊಡೆಯ ಮೇಲಿತ್ತು, ಮೇಜು ಅಡ್ಡ ಇದ್ದುದರಿಂದ ನಿನಗೆ ಕಂಡಿರಲಿಕ್ಕಿಲ್ಲ. ಈ ಸಲ ಪ್ರತಿ ಪದವನ್ನೂ ತಾಳೆ ನೋಡಿ, ಬದಲಾಗಿಲ್ಲ ಎಂದು ನಾನೇ ಸಹಿ ಹಾಕಬೇಕು ಎಂದು ಮಂಡಳಿಯವರು ಹೇಳಿದ್ದರು. ಆಗಸ್ಟ್‌ನಲ್ಲಿ ಮಾಡಬೇಕಿದ್ದ ಕೆಲಸ. ನೀನು ಓದಿದಷ್ಟು ಹೊತ್ತೂ ನನ್ನ ಎರಡೂ ಕೈ ಆ ಹಾಳೆಗಳ ಮೇಲಿದ್ದವು. ನೀನು ಓದಿ ಮುಗಿಸಿದ ಮೇಲೂ ಕೊನೆಯ ಹಾಳೆಯನ್ನು ಇನ್ನೊಂದು ಸಲ ಸವರಿ ನೋಡುತ್ತಿದ್ದೆ. ಒಂದು ಪದ ತಪ್ಪಿದರೂ ನಿನ್ನನ್ನು ನಿಲ್ಲಿಸಬೇಕಿತ್ತು, ನನ್ನಿಂದ ಅದಾಗುತ್ತದೋ ಇಲ್ಲವೋ ಎಂದು ಭಯವಾಗಿತ್ತು.

ನೂರ ಹನ್ನೆರಡನೇ ಪುಟದಲ್ಲಿ ನೀನು ನಿಂತೆ. ನನ್ನ ಬೆರಳು “ನಾಲ್ಕು” ಎಂಬಲ್ಲಿ ಇತ್ತು. ಮುಂದಕ್ಕೆ ಹೋಗಲಿಲ್ಲ. ನೀನು ಬರುವ ತನಕ ಅಲ್ಲೇ ಕಾದೆ. ನೀನು ಬಂದೆ. ಆಮೇಲೆ ಇಬ್ಬರೂ ಸಾಲು ದಾಟಿದೆವು.

ಸಹಿ ಹಾಕಿದ್ದೇನೆ. ಒಂದು ಚುಕ್ಕಿಯೂ ತಪ್ಪಿಲ್ಲ, ಅಮ್ಮ.

ಬೊಗಸೆ